ಬೋರಿಗೆ ಸಾಲ ಮಾಡುವ ಮುನ್ನ ಜೋಳದ ಲೆಕ್ಕ ಹಾಕಿ

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಆರು ಎಕರೆ ಎರಿ ಹೊಲ, ಪೂರ್ತಿ ಮಳೆಯಾಶ್ರಯ. ಅಪ್ಪನ ಕಾಲಕ್ಕೆ ಎರಡು ಎತ್ತು, ಒಂದು ಎಮ್ಮೆ ಇದ್ದವು. ಜೋಳ, ಹೆಸರು, ಕುಸುಬಿ, ತೊಗರಿ ಎಲ್ಲವನ್ನೂ ಬಿತ್ತುತ್ತಿದ್ದರು. ಎತ್ತು ಮಾರಿ ಹತ್ತು ವರ್ಷವಾಯಿತು, ಈಗ ಆರೂ ಎಕರೆ ತೊಗರಿಯೇ. ನೆಟೆ ರೋಗ ಬಿದ್ದು ಎರಡು ಹಂಗಾಮು ಹಾಕಿದ ಖರ್ಚೂ ಮರಳಲಿಲ್ಲ. ಅಣ್ಣ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಮೂರು ಲಕ್ಷ ಸಾಲ ತೆಗೆದು ಬೋರ್ ಹೊಡೆಸೋಣ ಎನ್ನುತ್ತಾನೆ ಅವನು. ಅದೇ ದುಡ್ಡಿನಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿಯ) ಆಕಳು ತರೋಣ ಎಂಬುದು ನನ್ನ ಮಾತು. ಯಾವುದು ಸರಿ? ಇನ್ನೊಂದು ಕೇಳಬೇಕು ಸರ್: ಹೈದರಾಬಾದ್ ಹತ್ತಿರ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆ ಇದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಬೀದರಿನಲ್ಲಿ ಪಶು ವಿಶ್ವವಿದ್ಯಾಲಯ ಇವೆ. ಇಷ್ಟೆಲ್ಲ ಇದ್ದೂ ನಮ್ಮಂಥವರ ಬಡತನ ಯಾಕೆ ಹೋಗಲಿಲ್ಲ?

ಉತ್ತರ: ಬೋರೂ ಬೇಡ, ಎಚ್‌ಎಫ್ ಆಕಳೂ ಬೇಡ. ಈ ವರ್ಷವಂತೂ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಈ ಮಾತು ನಿಮ್ಮ ಮನೆಯಲ್ಲಿ ಓದಿಯಾಗಬೇಕು. ನಿಮ್ಮ ಪತ್ರದಲ್ಲಿ ನೀರು, ರೋಗ, ದನ, ಗುಳೆ ಬೇರೆಬೇರೆ ಕಷ್ಟಗಳಂತೆ ಬಂದಿವೆ. ನನ್ನ ಲೆಕ್ಕದಲ್ಲಿ ಅವು ಒಂದೇ ಕಡೆಯಿಂದ ಶುರುವಾಗಿವೆ: ನಿಮ್ಮ ಹೊಲದಿಂದ ಜೋಳ ಹೋದದ್ದು.

ಮೊದಲು ನೆಟೆ ರೋಗ. ಒಣಗುತ್ತಿರುವ ಒಂದು ತೊಗರಿ ಗಿಡವನ್ನು ಬುಡದಿಂದ ಮೇಲಕ್ಕೆ ನೋಡಿ. ಕಾಂಡದ ಒಂದು ಮಗ್ಗುಲಲ್ಲಿ ನೇರಳೆ-ಕಂದು ಪಟ್ಟಿ ಮೇಲೇರಿರುತ್ತದೆ. ಚಾಕುವಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ, ಬೆಳ್ಳಗಿರಬೇಕಾದ ಕಡೆ, ಕಪ್ಪು-ಕಂದು ಗೆರೆಗಳು ಕಾಣುತ್ತವೆ. ಬೇರಿನಿಂದ ಒಳಹೊಕ್ಕ ಫ್ಯುಸೇರಿಯಂ ಶಿಲೀಂಧ್ರ ನೀರು ಏರುವ ನಾಳಗಳನ್ನು ಕಟ್ಟಿಹಾಕಿದ ಗುರುತು ಅದು. ನೆಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಸಿಗದೆ ಹೂವು-ಕಾಯಿ ಹೊತ್ತ ಹೊತ್ತಿಗೇ ಸೊರಗಿ ನಿಲ್ಲುತ್ತದೆ. ಇದಕ್ಕೆ ಬೋರಿನ ನೀರು ಕೊಟ್ಟರೆ ಏನೂ ಉಪಯೋಗವಿಲ್ಲ. ಗೆರೆ ಕಾಣದೆ ಬೇರಿನ ಸಿಪ್ಪೆ ಕೊಳೆತು ಕಿತ್ತು ಬಂದರೆ ಅದು ಒಣ ಬೇರುಕೊಳೆ. ಅದು ಮಳೆ ತಪ್ಪಿ ಬಿಸಿಲು ಏರಿದಾಗ ಜಾಸ್ತಿ. ಗಿಡ ಹಸಿರಾಗಿ ಸೊಂಪಾಗಿ ನಿಂತು ಹೂವೇ ಬಿಡದಿದ್ದರೆ ಅದು ಗೊಡ್ಡು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುವ ರೋಗವದು. ಊರಲ್ಲಿ ಮೂರಕ್ಕೂ 'ತೊಗರಿ ಒಣಗ್ಯಾದ', 'ತೊಗರಿ ಕೆಟ್ಟದ' ಎಂದೇ ಹೇಳುತ್ತಾರೆ. ಔಷಧ ಅಂಗಡಿಯವರು ಮೂರಕ್ಕೂ ಒಂದೇ ಡಬ್ಬಿ ಕೊಟ್ಟು ಕಳಿಸುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫ್ಯುಸೇರಿಯಂ ತೊಗರಿಯ ಬೇರು, ಕೂಳೆಗಳಲ್ಲಿ ಕೂತು ಮಣ್ಣಿನಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ವರ್ಷ ವರ್ಷ ತೊಗರಿಯ ಮೇಲೆ ತೊಗರಿ ಬಿತ್ತುವುದೆಂದರೆ ಅದಕ್ಕೆ ಉಣ್ಣಲಿಕ್ಕೆ ಇಟ್ಟಂತೆಯೇ. ಜೋಳಕ್ಕೆ ಈ ಶಿಲೀಂಧ್ರ ಹತ್ತುವುದಿಲ್ಲ. 1980ರ ದಶಕದಲ್ಲೇ ಪಟಾಂಚೆರುವಿನ ಇಕ್ರಿಸ್ಯಾಟ್, ಅಂದರೆ ನೀವು ಹೇಳುವ ಆ ಹೈದರಾಬಾದ್ ಹತ್ತಿರದ ಸಂಸ್ಥೆ, ಪ್ರಯೋಗ ಮಾಡಿ ನೋಡಿತ್ತು. ಜೋಳದ ಜೊತೆ ಅಕ್ಕಡಿಯಾಗಿ, ಅಂದರೆ ಸಾಲುಗಳ ನಡುವೆ ಮಿಶ್ರ ಬೆಳೆಯಾಗಿ, ಬಂದ ತೊಗರಿಯಲ್ಲಿ, ಅಥವಾ ಒಂದು ವರ್ಷ ಜೋಳ ಬಿತ್ತಿ ಆಮೇಲೆ ಹಾಕಿದ ತೊಗರಿಯಲ್ಲಿ, ನೆಟೆಯ ಹಾವಳಿ ಬರೀ ತೊಗರಿಗಿಂತ ಅರ್ಧಕ್ಕೂ ಕಡಿಮೆ ಇತ್ತು. ನಿಮ್ಮ ಅಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ಹಾಗೆಯೇ ಬಿತ್ತುತ್ತಿದ್ದರು.

ತಳಿಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ 'ಮಾರುತಿ' ನೆಟೆ ತಡೆಯುವ ತಳಿ. 1990ರ ದಶಕದ ಆರಂಭಕ್ಕೆ ನಮ್ಮ ಭಾಗದ ತೊಗರಿ ನೆಲದ ಅರ್ಧಕ್ಕಿಂತ ಹೆಚ್ಚನ್ನು ಅದೇ ತುಂಬಿತ್ತು. ಸಂಶೋಧನೆಯಿಂದ ನಮಗೆ ಏನು ಬಂತು ಎಂಬ ಪ್ರಶ್ನೆಗೆ ಇದು ದೊಡ್ಡ ಉತ್ತರ, ಮರೆಯಬಾರದು. ಆದರೆ ಅದೇ ಮಾರುತಿ ಗೊಡ್ಡು ರೋಗಕ್ಕೆ ಎಷ್ಟು ಬೇಗ ಬಲಿಯಾಗುತ್ತದೆ ಎಂದರೆ, ರೋಗ ಬಂದಿದೆಯೋ ಇಲ್ಲವೋ ನೋಡಲು ವಿಜ್ಞಾನಿಗಳು ಪ್ರಯೋಗದ ತಾಕಿನಲ್ಲಿ ಅದನ್ನೇ ನೆಡುತ್ತಾರೆ. ಒಂದೇ ತಳಿಯ ಬಲದ ಮೇಲೆ ಇಡೀ ಜಿಲ್ಲೆಯನ್ನು ನಿಲ್ಲಿಸಿದರೆ ಹೀಗಾಗುತ್ತದೆ. ಈಗ ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್, ಜಿಆರ್‌ಜಿ-811 ಇವೆ. ಬಿತ್ತುವಾಗ ಎರಡು ತಳಿ ಹಂಚಿ ಹಾಕಿ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿ. ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆಳೆಸಿ ಹೊಲಕ್ಕೆ ಹಾಕಿದರೆ ಇನ್ನೂ ಒಳ್ಳೆಯದು, ಆದರೆ ದನವಿಲ್ಲದ ಮನೆಗೆ ಕೊಟ್ಟಿಗೆ ಗೊಬ್ಬರ ಎಲ್ಲಿಂದ ಬರಬೇಕು?

ಈಗ ನೀರು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ನಮ್ಮಲ್ಲಿ ವರ್ಷಕ್ಕೆ 700ರಿಂದ 800 ಮಿ.ಮೀ. ಬೀಳುತ್ತದೆ. 700 ಎಂದೇ ಹಿಡಿಯಿರಿ: ಎಕರೆಗೆ 28 ಲಕ್ಷ ಲೀಟರ್, ನಿಮ್ಮ ಆರು ಎಕರೆಗೆ ಒಂದು ಕೋಟಿ 68 ಲಕ್ಷ ಲೀಟರ್. ಇದರಲ್ಲಿ ಎಷ್ಟನ್ನು ಹೊಲ ಇಟ್ಟುಕೊಳ್ಳುತ್ತದೆ ಎಂಬುದೇ ಪ್ರಶ್ನೆ. ಒಂದೂವರೆ-ಎರಡು ಮೀಟರ್ ಆಳದ ಎರಿ ಮಣ್ಣು ಬೆಳೆಗೆ ಸಿಗುವ ನೀರನ್ನೇ 200 ಮಿ.ಮೀ.ಗೂ ಮೀರಿ ಹಿಡಿಯಬಲ್ಲದು, ಅಂದರೆ ಎಕರೆಗೆ 8 ಲಕ್ಷ ಲೀಟರ್. ಅದು ನಿಮ್ಮ ಹೊಲದೊಳಗೇ ಇರುವ ನೀರಿನ ಹಗೇವು. ತುಂಬಿಸುವ ಬಗೆ ಗೊತ್ತಿರಬೇಕು ಅಷ್ಟೆ. ಜೂನ್‌ನಲ್ಲಿ ಬಿರುಕು ಬಿಟ್ಟ ನೆಲ ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಒಮ್ಮೆ ಹಸಿಯಾಗಿ ಉಬ್ಬಿ ಬಿರುಕು ಮುಚ್ಚಿತೆಂದರೆ ಮತ್ತೆ ಗಂಟೆಗೆ ಒಂದು ಮಿ.ಮೀ. ಕೂಡ ಒಳಗಿಳಿಯುವುದಿಲ್ಲ. ಆಮೇಲೆ ಬರುವ ದೊಡ್ಡ ಮಳೆಯೆಲ್ಲ ಮೇಲ್ಮಣ್ಣನ್ನು ಕರಗಿಸಿಕೊಂಡು ಹಳ್ಳ ಸೇರುತ್ತದೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಆಳಂದ ಕಡೆಯ ಹಳ್ಳಗಳು ಕರ್ರಗೆ ಹರಿಯುವುದನ್ನು ನೀವೇ ನೋಡಿರುತ್ತೀರಿ. ಅದು ನಿಮ್ಮೆಲ್ಲರ ಹೊಲ.

ಹಾಗಾಗಿ ಮಳೆಯನ್ನು ಹೊಲದಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ ಇಳಿಸಬೇಕು, ಹೆಚ್ಚಾದದ್ದನ್ನು ಮಣ್ಣು ಕೊಚ್ಚದಂತೆ ಹೊರಗೆ ಬಿಡಬೇಕು. ಹಿಂಗಾರಿ ಜೋಳ ಬಿತ್ತುವ ತುಂಡಿಗೆ, ಜೋಳ ಬಿತ್ತುವ ಮೊದಲೇ, ಸಣ್ಣ ಬದುಗಳ ಚೌಕು ಮಡಿ ಮಾಡಿ. ತೊಗರಿ ಇರುವ ಕಡೆ ಇಳಿಜಾರಿಗೆ ಅಡ್ಡವಾಗಿ ಬಿತ್ತಿ, ಬಿತ್ತಿದ ಒಂದು-ಒಂದೂವರೆ ತಿಂಗಳಿಗೆ ಎಡೆ ಹೊಡೆಯುವಾಗಲೇ ಎರಡು-ಮೂರು ಸಾಲಿಗೊಂದರಂತೆ ಆಳದ ಹರಿ (ನೀರು ನಿಲ್ಲುವ ಗಾಲುವೆ) ತೆಗೆಸಿ. ಬದುಗಳನ್ನು ಮಳೆಗಾಲಕ್ಕೆ ಮೊದಲೇ ಸರಿಮಾಡಿಸಿ. ನೀರು ಹೊರಬೀಳುವ ಮೂಲೆಗೆ ಕಲ್ಲು ಕಟ್ಟಿ.

ಇಕ್ರಿಸ್ಯಾಟ್ ಸ್ಥಾಪನೆಯಾದದ್ದು 1972ರಲ್ಲಿ. 1976ರಿಂದ ಅದು ತನ್ನ ಎರಿ ಹೊಲಗಳಲ್ಲಿ ಎರಡು ಪದ್ಧತಿಗಳನ್ನು ಪಕ್ಕಪಕ್ಕದಲ್ಲಿ ಹೋಲಿಸುತ್ತ ಬಂತು. ಒಂದರಲ್ಲಿ ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುವ ಹಳೆಯ ಪದ್ಧತಿ. ಇನ್ನೊಂದರಲ್ಲಿ ಅಗಲ ದಿಂಡು, ನಡುವೆ ಹರಿ, ಸರಿಯಾದ ಗೊಬ್ಬರ, ಜೋಳ-ತೊಗರಿ ಅಕ್ಕಡಿ. ಹಲವು ದಶಕಗಳ ಸರಾಸರಿಯಲ್ಲಿ ಹಳೆಯದು ಹೆಕ್ಟೇರಿಗೆ ಒಂದು ಟನ್‌ಗಿಂತ ತುಸು ಹೆಚ್ಚು, ಹೊಸದು ಸುಮಾರು ಐದು ಟನ್ ಧಾನ್ಯ ಕೊಟ್ಟಿದೆ. ಕೊಚ್ಚಿಹೋಗುವ ಮಣ್ಣೂ ಹಳೆಯದರಲ್ಲಿ ವರ್ಷಕ್ಕೆ ಆರು ಟನ್ ದಾಟಿದರೆ ಹೊಸದರಲ್ಲಿ ಒಂದೂವರೆ ಟನ್ ಆಸುಪಾಸು. ಒಂದು ಹನಿ ಬೋರಿನ ನೀರಿಲ್ಲದೆ. ಆದರೆ ಇದೇ ಪದ್ಧತಿಯನ್ನು 1981ರಲ್ಲಿ ನಮ್ಮ ನೆರೆಯ ಮೇದಕ್ ಜಿಲ್ಲೆಯ ತಡ್ಡನ್‌ಪಲ್ಲಿಗೆ ಒಯ್ದಾಗ, ಮುಂದಿನ ವರ್ಷಗಳಲ್ಲಿ ಇಡೀ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡವರು ಕಡಿಮೆ. ಅದಕ್ಕೆ ಬೇಕಾದ ಚಕ್ರದ ಉಪಕರಣ ದುಬಾರಿ, ಗಟ್ಟಿ ಎತ್ತು ಬೇಕು, ಹೊತ್ತಿಗೆ ಸಾಲ ಬೇಕು, ನೀರು ಹೊರಹೋಗಲು ಅಕ್ಕಪಕ್ಕದ ಹೊಲದವರೂ ಒಪ್ಪಬೇಕು. ರೈತರು ತಮಗೆ ಒಗ್ಗಿದ ತುಂಡುಗಳನ್ನು ಮಾತ್ರ ಆರಿಸಿಕೊಂಡರು. ನೀವೂ ಹಾಗೆಯೇ ಆರಿಸಿಕೊಳ್ಳಿ.

ಬೋರಿನ ಲೆಕ್ಕ ನೋಡೋಣ. ಕಾಯಿ ಕಟ್ಟುವ ಹೊತ್ತಿಗೆ ಎಕರೆಗೆ 50 ಮಿ.ಮೀ. ನೀರು ಕೊಡಬೇಕಾದರೆ ಎರಡು ಲಕ್ಷ ಲೀಟರ್ ಬೇಕು. ಬೋರ್ ಗಂಟೆಗೆ 3,000 ಲೀಟರ್ ಕೊಟ್ಟಿತು, ತ್ರೀಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಪೂರ್ತಿ ಬಂತು ಎಂದೇ ಇಟ್ಟುಕೊಳ್ಳಿ. ದಿನಕ್ಕೆ 21,000 ಲೀಟರ್. ಒಂದು ಎಕರೆ ಮುಗಿಯಲು ಹತ್ತು ದಿನ, ಆರು ಎಕರೆಗೆ ಎರಡು ತಿಂಗಳು. ಅಷ್ಟರಲ್ಲಿ ರಾಶಿಯೇ ಬಂದಿರುತ್ತದೆ. ಅದೂ ನೀರು ಬಿದ್ದರೆ. ಆಳಂದದ ಕೆಳಗಿರುವುದು ದಖ್ಖನ್ನಿನ ಕರಿಗಲ್ಲಿನ ಪದರ. ನೀರು ಮೇಲಿನ ಶಿಥಿಲ ಭಾಗದಲ್ಲಿ, ಬಿರುಕುಗಳಲ್ಲಿ, ಎರಡು ಪದರ ಕೂಡುವಲ್ಲಿ ಮಾತ್ರ ಇರುತ್ತದೆ. ಆಳ ಹೋದಷ್ಟೂ ನೀರು ಹೆಚ್ಚುತ್ತದೆ ಎಂಬ ನಂಬಿಕೆ ಈ ಕಲ್ಲಿನಲ್ಲಿ ನಡೆಯುವುದಿಲ್ಲ. ಬೋರ್ ಏಜೆಂಟರು ಹೇಳುವ "ಇನ್ನೂ ನೂರು ಫೂಟ್" ಎಂಬ ಮಾತಿಗೆ ನಮ್ಮ ಭಾಗದಲ್ಲಿ ಎಷ್ಟು ಮನೆಗಳು ಮುಳುಗಿವೆ!

ಅದರ ಬದಲು ಕೃಷಿ ಹೊಂಡದ ಬಗ್ಗೆ ಯೋಚಿಸಿ. 21 ಮೀಟರ್ ಉದ್ದ-ಅಗಲ, 3 ಮೀಟರ್ ಆಳದ, ಇಳಿಜಾರು ಗೋಡೆಯ ಹೊಂಡಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್ ಹಿಡಿಯುತ್ತದೆ. ಜಾಗ ನಾಲ್ಕೂವರೆ ಗುಂಟೆ. ಆರಿ ಹೋಗುವುದು, ಇಂಗಿ ಹೋಗುವುದು ಕಳೆದರೂ ಮೂರು ಎಕರೆಗೆ ಒಂದು ಸಲ ಹಾಯಿಸಲು ಸಾಕು. ಕಾಯಿ ತುಂಬುವಾಗ ಸಿಕ್ಕ ಒಂದು ನೀರು ತೊಗರಿಗೆ ಎಷ್ಟು ದೊಡ್ಡದು ಎಂಬುದನ್ನು ನಾನು ಹೇಳಬೇಕಿಲ್ಲ. ಪಂಪು, ತುಂತುರು ಪೈಪುಗಳನ್ನು ಸ್ವಂತಕ್ಕೆ ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತವೆ. ಸಹಾಯಧನ ಈಗ ಎಷ್ಟಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಇನ್ನು ದನ. ಒಂದು ದೊಡ್ಡ ದನ ದಿನಕ್ಕೆ ಆರೇಳು ಕಿಲೋ ಒಣ ಮೇವು ತಿನ್ನುತ್ತದೆ, ವರ್ಷಕ್ಕೆ ಎರಡೂವರೆ ಟನ್. ಮಳೆಯಾಶ್ರಯದ ಹಿಂಗಾರಿ ಜೋಳ ಎರಡು ಎಕರೆಗೆ ಮೂರು ಟನ್ ಕಣಕಿ (ಜೋಳದ ಒಣ ದಂಟಿನ ಮೇವು) ಕೊಟ್ಟರೆ ಒಳ್ಳೆಯ ವರ್ಷ. ಅಂದರೆ ಎರಡು ಎಕರೆ ಜೋಳದ ಕಣಕಿ ಒಂದೇ ಎಮ್ಮೆಗೆ ಸರಿಹೋಯಿತು. ನಿಮ್ಮ ಹತ್ತಿರ ಈಗ ಒಂದು ಹೊರೆ ಕಣಕಿಯೂ ಇಲ್ಲ. ತೊಗರಿ ಹೊಟ್ಟು ಮಾತ್ರ ಇದೆ. ಕಟಾವು ಯಂತ್ರ ಬಂದ ಮೇಲೆ ಅದೂ ಹೊಲದಲ್ಲೇ ಚೆಲ್ಲಿಹೋಗುತ್ತಿರಬಹುದು. ಇಂಥದರಲ್ಲಿ ಎರಡು ಎಚ್‌ಎಫ್ ಕಟ್ಟಿದರೆ ಹಸಿರು ಮೇವಿಗೆ ನೀರು ಬೇಕು, ಹಿಂಡಿಗೆ ದಿನವೂ ರೊಕ್ಕ ಬೇಕು. ಮೇನಲ್ಲಿ 42-43 ಡಿಗ್ರಿ ಬಿಸಿಲಿಗೆ ಅವು ಬಾಯಿ ತೆರೆದು ತೇಕುತ್ತ ನಿಂತರೆ ಹಾಲು ಇಳಿದೇ ಇಳಿಯುತ್ತದೆ. ಸಾಲದ ಕಂತು ಇಳಿಯುವುದಿಲ್ಲ.

ಕೊಲಂಬೊದ ಜಲ ನಿರ್ವಹಣಾ ಸಂಸ್ಥೆ, ನೈರೋಬಿಯ ಜಾನುವಾರು ಸಂಶೋಧನಾ ಸಂಸ್ಥೆ ಸೇರಿ ಆಫ್ರಿಕಾ-ಏಷ್ಯಾದ ಒಣ ನಾಡುಗಳಲ್ಲಿ ನಡೆಸಿದ ಕೆಲಸದಲ್ಲಿ ಬಂದ ಒಂದು ಲೆಕ್ಕವನ್ನು ನಾನು ಯಾವ ರೈತ ಸಭೆಗೆ ಹೋದರೂ ಹೇಳುತ್ತೇನೆ. ದನ ಕುಡಿಯುವ ನೀರಿಗಿಂತ ಅದರ ಮೇವು ಬೆಳೆಯಲು ತಗಲುವ ನೀರು 50ರಿಂದ 100 ಪಟ್ಟು ಹೆಚ್ಚು. ಜೋಳದ ಕಣಕಿಯ ವಿಶೇಷ ಇಲ್ಲಿದೆ: ಕಾಳಿಗೆ ಖರ್ಚಾದ ನೀರಿನಲ್ಲೇ ಕಣಕಿಯೂ ಬಂದಿರುತ್ತದೆ, ಅದಕ್ಕೆಂದು ಬೇರೆ ನೀರು ಬೇಡ.

ನೀವು ಕೇಳಿದ ದೊಡ್ಡ ಪ್ರಶ್ನೆಗೆ, ಇಷ್ಟು ಸಂಶೋಧನೆ ಆಗಿಯೂ ಬಡತನ ಯಾಕೆ ಎಂಬುದಕ್ಕೆ, ನನ್ನ ಉತ್ತರದ ಒಂದು ಭಾಗ ಈ ಕಣಕಿಯಲ್ಲೇ ಇದೆ. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಅಲ್ಲಿಂದ ಬಹಳ ವರ್ಷ ತಳಿಗಾರರು ಎಣಿಸಿದ್ದು ಕಾಳನ್ನು ಮಾತ್ರ. ಗಿಡ ಗಿಡ್ಡವಾಯಿತು, ತೆನೆ ದಪ್ಪವಾಯಿತು, ಮೇವು ಕಡಿಮೆಯಾಯಿತು. ನಮ್ಮ ಹಿಂಗಾರಿ ರೈತರು ಅದನ್ನು ಒಪ್ಪಲಿಲ್ಲ, 1930ರ ದಶಕದಲ್ಲಿ ಸೊಲ್ಲಾಪುರದ ಮೋಹೋಳದಲ್ಲಿ ಆರಿಸಿದ ಮಾಲ್ದಂಡಿ ಜೋಳವನ್ನೇ ಹಿಡಿದುಕೊಂಡರು. ಇವರು ಬದಲಾವಣೆಗೆ ಒಗ್ಗದವರು ಎಂದು ಆಗಿನ ವರದಿಗಳಲ್ಲಿ ಬರೆದವರೂ ಇದ್ದರು. ಆಮೇಲೆ 2000ದ ದಶಕದಲ್ಲಿ ಹೈದರಾಬಾದಿನ ಮೇವಿನ ಪೇಟೆಗೆ ವಿಜ್ಞಾನಿಗಳು ಹೋಗಿ, ಮಾರಾಟಕ್ಕೆ ಬಂದ ಕಣಕಿಯ ಮಾದರಿ ತಂದು ಪರೀಕ್ಷೆ ಮಾಡಿದರು. ದನಕ್ಕೆ ಅರಗುವ ಅಂಶ ಕೀಳು ಕಣಕಿಯಲ್ಲಿ ಶೇ 47, ಮೇಲಾದದ್ದರಲ್ಲಿ ಶೇ 52. ಐದೇ ಅಂಶದ ಅಂತರ. ಅಷ್ಟಕ್ಕೇ ಕೊಳ್ಳುವವರು ಶೇ 20-25ರಷ್ಟು ಹೆಚ್ಚು ರೊಕ್ಕ ಕೊಡುತ್ತಿದ್ದರು. ಪ್ರಯೋಗಾಲಯ ಅಳೆದದ್ದನ್ನು ಹಾಲಿನವರು ಕೈಯಲ್ಲಿ ಹಿಡಿದು, ಅಗಿದು, ಮೊದಲೇ ಅರಿತಿದ್ದರು. ಆ ಮೇಲೆ ಕಣಕಿಯ ಗುಣವೂ ತಳಿ ಆಯ್ಕೆಯ ಲೆಕ್ಕಕ್ಕೆ ಬಂತು. ಅಲ್ಲಿಯವರೆಗೆ ಸರಿದುಹೋದ ನಾಲ್ಕು ದಶಕ ನಮ್ಮಂಥ ಸೀಮೆಯ ದನಗಾಹಿ ಮನೆಗಳ ಮಟ್ಟಿಗೆ ದೊಡ್ಡ ನಷ್ಟ.

ಇನ್ನೊಂದು ಭಾಗ ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಕಲ್ಮಣ್ ಎಂಬ ಹಳ್ಳಿಗಳಿಂದ ಬಂದದ್ದು. ನಿಮಗೆ ಗಡಿಯಾಚೆಯೇ. 1975ರಿಂದ ಇಕ್ರಿಸ್ಯಾಟ್‌ನವರು ಇಂಥ ಕೆಲವು ಹಳ್ಳಿಗಳಲ್ಲಿ ಜನರನ್ನು ಇರಿಸಿ, ಮನೆಮನೆಯ ಆದಾಯ, ಖರ್ಚು, ಸಾಲ, ದನ, ಕೂಲಿ ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟರು. ಆ ದಾಖಲೆ ಹಿಡಿದು 1993ರಲ್ಲಿ ಬಂದ ಒಂದು ಅಧ್ಯಯನ ಹೇಳುವುದು ಇದು: ಬೆಳೆ ಕೆಟ್ಟ ವರ್ಷ ರೈತ ಎತ್ತು ಮಾರಿ ಮನೆ ನಡೆಸುತ್ತಾನೆ, ಮುಂದೆ ಅದನ್ನು ಮರಳಿ ಕೊಳ್ಳಲಾಗದೆ ಬೇಸಾಯವೇ ಸೊರಗುತ್ತದೆ. ಎತ್ತನ್ನು ಕಷ್ಟಕ್ಕೆ ಮಾರಬಹುದು, ನೀರಾವರಿಗೆ ಹಾಕಿದ ದುಡ್ಡನ್ನು ಹಾಗೆ ಮರಳಿ ಪಡೆಯಲಾಗದು ಎಂಬುದೂ ಅದರಲ್ಲಿದೆ. ಅದೇ ಸಂಸ್ಥೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಎನ್‌.ಎಸ್‌. ಜೋಧಾ 1986ರಲ್ಲಿ ಏಳು ರಾಜ್ಯಗಳ ಎಂಬತ್ತಕ್ಕೂ ಹೆಚ್ಚು ಹಳ್ಳಿಗಳ ಲೆಕ್ಕ ಪ್ರಕಟಿಸಿದರು. 1950ರ ಆರಂಭದಿಂದ 1980ರ ಆರಂಭದವರೆಗೆ ಗಾಯರಾಣ, ಗೋಮಾಳ, ಕುರುಚಲು ಕಾಡಿನಂಥ ಊರ ನೆಲ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕರಗಿತ್ತು. ಬಡವರ ಆಡು-ದನ ನಿಂತಿದ್ದೇ ಆ ನೆಲದ ಮೇಲೆ. ತಳಿ, ಗೊಬ್ಬರ, ಔಷಧಗಳ ಸಂಶೋಧನೆ ಎಷ್ಟೇ ಚೆನ್ನಾಗಿದ್ದರೂ ಹೊಲದ ಬೇಲಿಯೊಳಗೇ ಉಳಿಯಿತು. ಬೇಲಿಯ ಹೊರಗೆ ಕಳೆದುಹೋದದ್ದನ್ನು ಅದು ತುಂಬಿಕೊಡಲಾರದು.

ಹಾಗಾದರೆ ನೀವು ಏನು ಮಾಡಬೇಕು? ಆರು ಎಕರೆಯನ್ನು ಎರಡೆರಡು ಎಕರೆಯ ಮೂರು ತುಂಡು ಮಾಡಿ. ಒಂದು ತುಂಡಿಗೆ ಮುಂಗಾರಿನಲ್ಲಿ ಹೆಸರು, ಅದು ಬಿಡಿಸಿದ ಮೇಲೆ ಸೆಪ್ಟೆಂಬರ್ ಕೊನೆಯೊಳಗೆ ಹಿಂಗಾರಿ ಜೋಳ. ಉಳಿದ ಎರಡಕ್ಕೆ ತೊಗರಿ, ನಡುವೆ ಸಜ್ಜೆ ಇಲ್ಲವೇ ಜೋಳದ ಅಕ್ಕಡಿ. ಜೋಳದ ತುಂಡು ವರ್ಷ ವರ್ಷ ಸರಿಯುತ್ತ ಹೋಗಲಿ, ಮೂರು ವರ್ಷಕ್ಕೊಮ್ಮೆ ಪ್ರತಿ ತುಂಡಿಗೂ ತೊಗರಿಯಿಂದ ಬಿಡುವು ಸಿಗುತ್ತದೆ. ನೆಟೆ ಪೂರ್ತಿ ಸಾಯುವುದಿಲ್ಲ, ತಗ್ಗುತ್ತದೆ. ಜೋಳ ಕೀಳುವುದು, ಕಟ್ಟುವುದು, ಬಣಿವೆ ಒಟ್ಟುವುದು ಮೈಮುರಿಯುವ ಕೆಲಸ, ಆಳು ಸಿಗುವುದಿಲ್ಲ ಎಂದು ನಿಮ್ಮ ತಾಯಿ ಮೊದಲೇ ಹೇಳುತ್ತಾರೆ, ಮತ್ತು ಅವರ ಮಾತು ಖರೆ. ಅದಕ್ಕೇ ಎರಡೇ ಎಕರೆ ಎಂದದ್ದು. ಅಷ್ಟನ್ನು ಮುಯ್ಯಿ ಆಳಿನಲ್ಲಿ ಮುಗಿಸಬಹುದು.

ಕಣಕಿ ಬಣಿವೆ ಎದ್ದ ಮೇಲೆ, ಅಂದರೆ ಫೆಬ್ರವರಿ-ಮಾರ್ಚ್‌ನಲ್ಲಿ, ದನ ತನ್ನಿ. ಅದಕ್ಕೂ ಮುಂಚೆ ಬೇಡ. ಒಂದು ಎಮ್ಮೆ, ಅಥವಾ ಒಂದು ದೇವಣಿ ಆಕಳು. ದೇವಣಿ ನಮ್ಮದೇ ಬೀದರ್-ಲಾತೂರು ಸೀಮೆಯ ತಳಿ. ಹಾಲು ಎಚ್‌ಎಫ್‌ನಷ್ಟು ಬಾರದು, ಸೂಲಿಗೆ ಸಾವಿರ ಲೀಟರ್ ಆಸುಪಾಸು. ಆದರೆ ಬಿಸಿಲು ತಡೆಯುತ್ತದೆ, ಕಣಕಿಯಲ್ಲಿ ಬದುಕುತ್ತದೆ, ಹೋರಿಕರುವಿಗೂ ಬೆಲೆಯಿದೆ. ಕಣಕಿಯನ್ನು ಕತ್ತರಿಸಿ, ತೊಗರಿ ಹೊಟ್ಟು ಬೆರೆಸಿ ಹಾಕಿ, ಅರ್ಧ ತಿಂದು ಅರ್ಧ ತುಳಿಯುವುದು ನಿಲ್ಲುತ್ತದೆ. ಮೇವಿಗೆ ಯೂರಿಯಾ ನೀರು ಚಿಮುಕಿಸಿ ಮೂರು ವಾರ ಮುಚ್ಚಿಡುವ ವಿಧಾನವನ್ನು ನಿಮಗೆ ಯಾರಾದರೂ ಹೇಳಬಹುದು. ವಿಜ್ಞಾನ ಸರಿ, ಆದರೆ ನೀರು, ಪ್ಲಾಸ್ಟಿಕ್ ಹಾಳೆ, ಆಳು ಎಲ್ಲ ಬೇಕು. ದಶಕಗಟ್ಟಲೆ ಪ್ರಚಾರ ಮಾಡಿದರೂ ರೈತರು ಕೈಗೆತ್ತಿಕೊಳ್ಳಲಿಲ್ಲ. ಒಂದು ದನಕ್ಕಾಗಿ ಅದು ಬೇಡ.

ಇದಕ್ಕೂ ಮೊದಲು, ಈ ಬೇಸಿಗೆಯಲ್ಲೇ, ನಾಲ್ಕೈದು ಉಸ್ಮಾನಾಬಾದಿ ಆಡು ಕಟ್ಟಬಹುದು. ಕಪ್ಪು ಮೈಯ ಈ ಆಡು ಜವಳಿ ಮರಿ ಹಾಕುವುದು ಸಾಮಾನ್ಯ, ಬದುವಿನ ಸೊಪ್ಪು, ತೊಗರಿ ಹೊಟ್ಟಿನಲ್ಲೇ ಸಾಗುತ್ತದೆ. ಆಸ್ಪತ್ರೆ ಖರ್ಚೋ, ಶಾಲೆ ಫೀಯೋ ಬಂದರೆ ಎರಡು ಮರಿ ಮಾರಿ ಮುಗಿಸಬಹುದು, ಸಾಹುಕಾರನ ಬಾಗಿಲು ತಟ್ಟಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಕರುಳುಬೇನೆಗೆ ಲಸಿಕೆ, ಮತ್ತು ಪಿಪಿಆರ್‌ಗೆ (ಆಡು-ಕುರಿಗಳ ಪ್ಲೇಗ್ ರೋಗ) ಲಸಿಕೆ ತಪ್ಪಿಸಬೇಡಿ. ಪಿಪಿಆರ್ ಲಸಿಕೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಈ ಎರಡನ್ನು ಬಿಟ್ಟದ್ದಕ್ಕೇ ಒಂದು ವಾರದಲ್ಲಿ ದೊಡ್ಡಿ ಖಾಲಿಯಾದ ಮನೆಗಳನ್ನು ಚಿತ್ತಾಪುರ, ಸುರಪುರ ಕಡೆ ಕಂಡಿದ್ದೇನೆ.

ಅಣ್ಣನನ್ನು ಪುಣೆಯಿಂದ ಈಗಲೇ ಕರೆಸಬೇಡಿ. ಮೊದಲ ವರ್ಷದ ಬದು, ಹೊಂಡ, ಆಡುಗಳ ಖರ್ಚು ಅವನ ಕೂಲಿಯಿಂದಲೇ ಬರಬೇಕು, ಸಾಲದಿಂದಲ್ಲ. ಅವನು ಏಪ್ರಿಲ್-ಮೇನಲ್ಲಿ ಊರಿಗೆ ಬಂದಾಗ ಬದುವಿನ ಕೆಲಸ ಮುಗಿಸಿಕೊಳ್ಳಿ. ಬೋರ್ ಬೇಕೇಬೇಕು ಎಂದು ಅವನಿಗೆ ಅನ್ನಿಸಿದರೆ, ಮೇಲಿನ ಹತ್ತು ದಿನದ ಲೆಕ್ಕವನ್ನು ಅವನ ಎದುರಿಗೇ ಕೂತು ಮತ್ತೊಮ್ಮೆ ಹಾಕಿ. ನಿಮ್ಮ ಸುತ್ತಲಿನ ಬೋರ್‌ಗಳು ಗಂಟೆಗೆ ಎಷ್ಟು ನೀರು ಕೊಡುತ್ತಿವೆ ಎಂದು ಡ್ರಮ್ ಇಟ್ಟು ಅಳೆದು ಹಾಕಿ. 200 ಲೀಟರ್ ಡ್ರಮ್ ತುಂಬಲು ನಾಲ್ಕು ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್ ಎಂದು ಅರ್ಥ.

ಮಣ್ಣು ಪರೀಕ್ಷೆಯನ್ನೂ ಈ ಬೇಸಿಗೆಯಲ್ಲೇ ಮಾಡಿಸಿ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಹೊತ್ತಿಗೆ ರಾಜ್ಯದ ಒಣಭೂಮಿಯ ಎಷ್ಟೋ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡಿತ್ತು. ನಿಮ್ಮಲ್ಲಿ ಯಾವುದು ಕಡಿಮೆ ಎಂದು ತಿಳಿಯದೆ ಡಿಎಪಿ ಗೊಬ್ಬರ ಸುರಿದರೆ ರೊಕ್ಕ ದಂಡ. ಮೂರೂ ತುಂಡಿನ ಮಣ್ಣನ್ನು ಬೇರೆಬೇರೆ ಚೀಲದಲ್ಲಿ, ಅರ್ಧರ್ಧ ಕಿಲೋ, ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಮುಂದಿನ ಹಂಗಾಮಿನಲ್ಲಿ ತೊಗರಿ ಮತ್ತೆ ಒಣಗತೊಡಗಿದರೆ, ಒಂದೆರಡು ಗಿಡಗಳನ್ನು ಅಗೆದು ಬೇರು ಸಮೇತ, ಬೇರಿಗೆ ಹತ್ತಿದ ಮಣ್ಣು ಸಮೇತ, ಅದೇ ದಿನ ಅಲ್ಲಿಗೇ ಒಯ್ದು ತೋರಿಸಿ. ಫೋನಿನಲ್ಲಿ ತೆಗೆದ ಎಲೆಯ ಫೋಟೊ ನೋಡಿ ನೆಟೆಯೋ ಬೇರುಕೊಳೆಯೋ ಹೇಳಲಾಗುವುದಿಲ್ಲ. ರೋಗದ ಗುರುತು ಇರುವುದು ಕಾಂಡದ ಒಳಗೆ.